ಮನೆಯಂಗಳದ ಹಳೆಯ ಕಾರು: ಅದರ ಆರೈಕೆ ನಿಮಗೂ ಗೊತ್ತಿರಲಿ

ಬೇವಿನ ಮರದ ಕೆಳಗೆ ತಾಡಪತ್ರಿ ಹೊದ್ದು ನಿಂತ ಹಳೆಯ ಕಾರು ನಮ್ಮ ಕಡೆ ಅಪರೂಪದ ದೃಶ್ಯವೇನಲ್ಲ. ಒಂದು ಮನೆಯಲ್ಲಿ ಅದು ಅಂಬಾಸಿಡರ್, ಇನ್ನೊಂದರಲ್ಲಿ ಫಿಯೆಟ್, ಮತ್ತೊಂದರಲ್ಲಿ ಮಹೀಂದ್ರಾ ಜೀಪು ಅಥವಾ ಮೊದಮೊದಲಿಗೆ ಬಂದ ಮಾರುತಿ 800. ದಾದಾ ಕೊಂಡು ತಂದದ್ದು, ಅಬ್ಬಾ ಓಡಿಸಿದ್ದು, ಎಷ್ಟೋ ನಿಕಾಹ್‌ಗಳಿಗೆ ಮದುಮಗನನ್ನು ಕರೆದೊಯ್ದದ್ದು, ನಡುರಾತ್ರಿ ಹೆರಿಗೆ ನೋವಿನವರನ್ನು ಆಸ್ಪತ್ರೆಗೆ ಮುಟ್ಟಿಸಿದ್ದು. ಮಾರಲು ಮನಸ್ಸಿಲ್ಲ, ದೂರ ಓಡಿಸಲು ಧೈರ್ಯವಿಲ್ಲ. ರವಿವಾರ ಬಂತೆಂದರೆ ಮನೆಯವರು ಬಾನೆಟ್ ಎತ್ತಿ ಅದರೊಳಗೆ ತಲೆ ಹಾಕುತ್ತಾರೆ. "ಊಟಕ್ಕೆ ಬನ್ನಿ" ಎಂದರೆ "ಐದೇ ನಿಮಿಷ" ಎನ್ನುತ್ತಾರೆ. ಆ ಐದು ನಿಮಿಷ ಅಸ್ರ್ ಹೊತ್ತಾದರೂ ಮುಗಿಯುವುದಿಲ್ಲ.

ಸಹೋದರಿಯರೇ, "ಅದು ಗಂಡಸರ ಹುಚ್ಚು, ನಮಗೇಕೆ?" ಎಂದು ನಾವು ಸುಮ್ಮನಾಗುವುದುಂಟು. ಆದರೆ ಸ್ವಲ್ಪ ಯೋಚಿಸಿ ನೋಡಿ. ಆ ಕಾರು ನಿಂತಿರುವುದು ನಿಮ್ಮ ಅಂಗಳದಲ್ಲಿ. ಅದರ ಸುತ್ತ ಆಡುವವರು ನಿಮ್ಮ ಮಕ್ಕಳು. ಪೆಟ್ರೋಲ್ ತುಂಬಿದ ಬಾಟಲಿ ಬಂದು ಕೂರುವುದು ನಿಮ್ಮ ಪಡಸಾಲೆಯಲ್ಲಿ. ಅದಕ್ಕೆ ಖರ್ಚಾಗುವುದು ನೀವು ಲೆಕ್ಕ ಹಾಕಿ ನಡೆಸುವ ಸಂಸಾರದ ಹಣ. ಹೀಗಿರುವಾಗ ಅಲ್ಲಿ ಏನು ನಡೆಯುತ್ತಿದೆ ಎಂಬುದು ನಿಮಗೆ ತಿಳಿಯದಿರುವುದು ಸರಿಯೇ? ಪಾನಾ ಹಿಡಿದು ನೀವೇ ರಿಪೇರಿ ಮಾಡಬೇಕೆಂದು ನಾನು ಹೇಳುತ್ತಿಲ್ಲ. ಮಾಡಬಲ್ಲವರು ಮಾಡಲಿ. ಆದರೆ ಯಾವ ಕೆಲಸ ಮನೆಯಲ್ಲಿ ಆಗುವಂಥದ್ದು, ಯಾವುದು ಮಿಸ್ತ್ರಿಗೇ ಬಿಡಬೇಕಾದದ್ದು, ಯಾವಾಗ "ಸಾಕು, ನಿಲ್ಲಿಸಿ" ಎನ್ನಬೇಕು ಎಂಬ ತಿಳುವಳಿಕೆ ಮನೆಯ ಹೆಂಗಸರಿಗೆ ಇರಲೇಬೇಕು. ಹಣವಷ್ಟೇ ಅಲ್ಲ, ಜೀವ ಉಳಿಯುವುದೂ ಅದರಿಂದಲೇ.

ದಾರಿಯಲ್ಲಿ ರಿಪೇರಿ ಮಾಡಿದ ಗೃಹಿಣಿ

ಕಾರಿನ ಇತಿಹಾಸದಲ್ಲಿ ಮೊದಲ ದೂರ ಪ್ರಯಾಣ ಮಾಡಿದವರು ಒಬ್ಬ ಗೃಹಿಣಿ ಎಂದರೆ ನಿಮಗೆ ಆಶ್ಚರ್ಯವಾಗಬಹುದು. ಜರ್ಮನಿಯ ಕಾರ್ಲ್ ಬೆಂಜ್ ಪೆಟ್ರೋಲ್ ಗಾಡಿಯನ್ನು ತಯಾರಿಸಿದ್ದರು. ಆದರೆ ಅದನ್ನು ಕೊಳ್ಳುವವರಿರಲಿಲ್ಲ. 1888ರ ಆಗಸ್ಟ್‌ನಲ್ಲಿ ಅವರ ಪತ್ನಿ ಬರ್ತಾ ಬೆಂಜ್, ಗಂಡನಿಗೆ ಹೇಳದೆಯೇ, ಹದಿಹರೆಯದ ಇಬ್ಬರು ಗಂಡುಮಕ್ಕಳನ್ನು ಕೂರಿಸಿಕೊಂಡು ಮ್ಯಾನ್‌ಹೈಮ್‌ನಿಂದ ಪ್ಫೋರ್ಟ್ಸ್‌ಹೈಮ್‌ನಲ್ಲಿದ್ದ ತವರಿಗೆ ಹೊರಟರು. ಸುಮಾರು 100 ಕಿಲೋಮೀಟರ್ ದಾರಿ. ಪೆಟ್ರೋಲ್ ಬಂಕ್ ಎಂಬುದೇ ಇಲ್ಲದ ಕಾಲ. ವೀಸ್‌ಲೋಹ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಇಂಧನ ಕೊಂಡರು. ಇಂಧನದ ನಳಿಕೆ ಕಟ್ಟಿಕೊಂಡಾಗ ಟೋಪಿಗೆ ಚುಚ್ಚಿದ ಪಿನ್ನಿನಿಂದ ಬಿಡಿಸಿದರು. ಕಿಡಿಯ ತಂತಿಯ ಹೊದಿಕೆ ಸವೆದಾಗ ಕಾಲುಚೀಲದ ಪಟ್ಟಿಯನ್ನು ಸುತ್ತಿದರು. ಬ್ರೇಕಿನ ಮರದ ತುಂಡು ಸವೆದಾಗ ಪಾದರಕ್ಷೆ ಹೊಲಿಯುವವರಿಂದ ಅದಕ್ಕೆ ತೊಗಲು ಹೊಡೆಸಿದರು. ದಾರಿಯುದ್ದಕ್ಕೂ ಎಂಜಿನ್‌ಗೆ ನೀರು ಹಾಕುತ್ತ ಹೋದರು. ಏರು ಬಂದಾಗ ಮಕ್ಕಳು ತಳ್ಳಬೇಕಾಯಿತು. ಈ ಅನುಭವದ ನಂತರವೇ ಏರು ಹತ್ತಲು ಗಾಡಿಗೆ ಇನ್ನೊಂದು ಗೇರ್ ಸೇರಿಸಲಾಯಿತು.

ಬರ್ತಾ ಅವರು ಮಿಸ್ತ್ರಿಯಾಗಿರಲಿಲ್ಲ. ಆದರೆ ತಮ್ಮ ಮನೆಯ ಗಾಡಿಯಲ್ಲಿ ಯಾವುದು ಯಾವ ಕೆಲಸ ಮಾಡುತ್ತದೆ ಎಂಬುದನ್ನು ಬಲ್ಲವರಾಗಿದ್ದರು. ಇಂದಿನ ಕಾರಿನಲ್ಲಿ ಕಂಪ್ಯೂಟರ್ ಇರುತ್ತದೆ, ದೋಷ ತಿಳಿಯಲು ಯಂತ್ರ ಜೋಡಿಸಬೇಕು. ಹಳೆಯ ಕಾರು ಹಾಗಲ್ಲ. ಅದರ ಹೆಚ್ಚಿನ ದೋಷಗಳು ಕಣ್ಣಿಗೆ ಕಾಣುತ್ತವೆ, ಕಿವಿಗೆ ಕೇಳುತ್ತವೆ, ಮೂಗಿಗೆ ಬಡಿಯುತ್ತವೆ. ಸಾಂಬಾರು ತಳ ಹಿಡಿದದ್ದನ್ನು ಪಕ್ಕದ ಕೋಣೆಯಿಂದಲೇ ಗುರುತಿಸುವವರಿಗೆ ಇದು ಕಷ್ಟವೇನಲ್ಲ.

ವಿಂಟೇಜ್ ಎಂದರೇನು?

ಹಳೆಯದೆಲ್ಲ ವಿಂಟೇಜ್ ಅಲ್ಲ. ಬ್ರಿಟನ್ನಿನ ಹವ್ಯಾಸಿಗಳು 1919ರಿಂದ 1930ರವರೆಗಿನ ಕಾರುಗಳನ್ನು ಮಾತ್ರ ಹಾಗೆ ಕರೆಯುತ್ತಾರೆ. ನಮ್ಮ ದೇಶದಲ್ಲಿ 2021ರ ಜುಲೈಯಲ್ಲಿ ಕೇಂದ್ರ ಸರಕಾರ ಹೊರಡಿಸಿದ ನಿಯಮದ ಪ್ರಕಾರ, 50 ವರ್ಷ ದಾಟಿದ, ಮೂಲರೂಪದಲ್ಲೇ ಉಳಿದಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ಖಾಸಗಿ ವಾಹನಗಳು ವಿಂಟೇಜ್. ಹಾಗೆ ನೋಂದಣಿಯಾದ ಗಾಡಿಯ ನಂಬರಿನಲ್ಲಿ ರಾಜ್ಯದ ಅಕ್ಷರಗಳ ನಂತರ 'ವಿಎ' ಎಂಬ ಅಕ್ಷರಗಳಿರುತ್ತವೆ. ಮೊದಲ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ. ಆಮೇಲೆ ಐದು ವರ್ಷಕ್ಕೊಮ್ಮೆ 5,000 ರೂಪಾಯಿ. ಆದರೆ ಇಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಮುಂತಾದ ಕೆಲಸಗಳಿಗೆ ಮಾತ್ರ ರಸ್ತೆಗಿಳಿಸಬಹುದು. ದಿನನಿತ್ಯದ ಓಡಾಟಕ್ಕೂ ಬಾಡಿಗೆಗೂ ಬಳಸುವಂತಿಲ್ಲ.

ನಿಮ್ಮ ಮನೆಯ ಕಾರು ಇಷ್ಟು ಹಳೆಯದಲ್ಲದಿರಬಹುದು. ಅಂಬಾಸಿಡರ್ ತಯಾರಿಕೆ 2014ರವರೆಗೂ ನಡೆಯಿತು. ಮಾರುತಿ 800 ಮೊದಲು ಬಂದದ್ದೇ 1983ರ ಡಿಸೆಂಬರ್‌ನಲ್ಲಿ. ಆದರೆ ಕಾರ್ಬೋರೇಟರ್ ಇರುವ ಗಾಡಿಗಳೆಲ್ಲದರ ಆರೈಕೆಯ ಕ್ರಮ ಹೆಚ್ಚುಕಡಿಮೆ ಒಂದೇ.

ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿ, ಶ್ರೀರಂಗಪಟ್ಟಣದ ಬಳಿಯ 'ಪಯಣ' ಸಂಗ್ರಹಾಲಯದಲ್ಲಿ ಇಂಥ ಹಳೆಯ ಕಾರುಗಳನ್ನು ನೋಡಬಹುದು. ಅಲ್ಲಿ ಅವುಗಳನ್ನು ನೋಡಿಕೊಳ್ಳಲು ಜನರಿದ್ದಾರೆ. ನಮ್ಮ ಮನೆಯ ಗಾಡಿಗೆ ನಾವೇ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯನ್ನೇ ನೋಡಿ. ಅದು 1996ರಲ್ಲಿ ಮುಚ್ಚಿತು. ಆದರೂ ಅಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕುಗಳು ಇಂದಿಗೂ ರಸ್ತೆಯಲ್ಲಿವೆ. ಏಕೆಂದರೆ ಅವುಗಳ ಮಾಲೀಕರು ಮನೆಯಲ್ಲಿಯೇ ಒರೆಸಿ, ಎಣ್ಣೆ ಹಾಕಿ, ಬಿಚ್ಚಿ ಜೋಡಿಸಿ ಉಳಿಸಿಕೊಂಡಿದ್ದಾರೆ. ಕಾರ್ಖಾನೆ ಮುಚ್ಚಿದರೆ ಗಾಡಿ ಸಾಯುವುದಿಲ್ಲ. ಆರೈಕೆ ನಿಂತರೆ ಸಾಯುತ್ತದೆ.

ನಮ್ಮ ಬಿಸಿಲು, ನಮ್ಮ ಧೂಳು, ನಮ್ಮ ನೀರು

ಮಂಗಳೂರು ಕಡೆಯವರಿಗೆ ಉಪ್ಪುಗಾಳಿ ಮತ್ತು ಮಳೆಯಿಂದ ತುಕ್ಕಿನ ಚಿಂತೆ. ಕಳ್ಳಕವಟಗಿ, ತಿಕೋಟಾ, ಬಬಲೇಶ್ವರ ಕಡೆಯ ನಮಗೆ ಆ ಕಾಟ ಕಡಿಮೆ. ನಮ್ಮ ಶತ್ರುಗಳೇ ಬೇರೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು. ನಮ್ಮ ತೋಟಗಳ ದ್ರಾಕ್ಷಿಯನ್ನು ಒಣದ್ರಾಕ್ಷಿ ಮಾಡುವ ಅದೇ ಬಿಸಿಗಾಳಿ ಕಾರಿನ ರಬ್ಬರನ್ನೂ ಒಣಗಿಸಿ ಬಿರುಕು ಬಿಡಿಸುತ್ತದೆ, ಬ್ಯಾಟರಿಯ ನೀರನ್ನು ಹೀರುತ್ತದೆ. ಹೀಗಾಗಿ ಗಾಡಿಗೆ ನೆರಳು ಬೇಕು. ತಾಡಪತ್ರಿ ಹೊದಿಸಿದರೂ ಆಗಾಗ ತೆಗೆದು ಗಾಳಿಯಾಡಲು ಬಿಡಬೇಕು. ಇಲ್ಲದಿದ್ದರೆ ಒಳಗೆ ತೇವ ನಿಂತು, ತುಕ್ಕು ಕಡಿಮೆಯಿರುವ ನಮ್ಮ ಊರಿನಲ್ಲೂ ತುಕ್ಕು ಹಿಡಿಯುತ್ತದೆ.

ಎರಡನೆಯದು ಧೂಳು. ಹೊಲದ ದಾರಿಯಲ್ಲಿ ಓಡುವ ಗಾಡಿಯ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಎಂಜಿನ್‌ಗೆ ಗಾಳಿ ಸಾಲದಾದರೆ ಪೆಟ್ರೋಲ್ ಹೆಚ್ಚು ಉರಿದು ಕಪ್ಪು ಹೊಗೆ ಬರುತ್ತದೆ. ಹಳೆಯ ಹಲವು ಗಾಡಿಗಳ ಫಿಲ್ಟರ್‌ನಲ್ಲಿ ತಳಕ್ಕೆ ಎಣ್ಣೆ ಇರುತ್ತದೆ, ಧೂಳು ಅದರಲ್ಲಿ ಕೂರುತ್ತದೆ. ಆ ಎಣ್ಣೆ ರಾಡಿಯಾದಾಗ ಚೆಲ್ಲದೆ ತೆಗೆದು, ತೊಳೆದು, ಹೊಸದು ಹಾಕಬೇಕು.

ಮೂರನೆಯದು ಕೊಳವೆಬಾವಿಯ ಗಡಸು ನೀರು. ಚಹಾದ ಪಾತ್ರೆಯ ತಳದಲ್ಲಿ ಬಿಳಿಯ ಪೊರೆ ಕಟ್ಟುವುದನ್ನು ನೀವು ದಿನವೂ ನೋಡುತ್ತೀರಿ. ಅದೇ ಪೊರೆ ರೇಡಿಯೇಟರಿನ ಸಣ್ಣ ನಳಿಕೆಗಳಲ್ಲಿ ಕಟ್ಟಿದರೆ ಎಂಜಿನ್ ಕಾದು ಕೆಡುತ್ತದೆ. ಡಿಸ್ಟಿಲ್ಡ್ ನೀರು ಮತ್ತು ಕೂಲಂಟ್ ಹಾಕುವುದಕ್ಕೆ ತಗಲುವ ಖರ್ಚು ಎಂಜಿನ್ ಬಿಚ್ಚಿಸುವ ಖರ್ಚಿನ ಮುಂದೆ ಏನೂ ಅಲ್ಲ.

ನಾಲ್ಕನೆಯದು ಇಲಿ. ಜೋಳದ ಚೀಲವಿರುವ ಮನೆಯಲ್ಲಿ ಇಲಿ ಇದ್ದೇ ಇರುತ್ತದೆ. ನಿಂತ ಕಾರಿನ ಎಂಜಿನ್ ಅದಕ್ಕೆ ಒಳ್ಳೆಯ ಗೂಡು, ತಂತಿಯ ಹೊದಿಕೆ ಒಳ್ಳೆಯ ತಿಂಡಿ. ಕಡಿದ ತಂತಿಯಿಂದ ಬೆಂಕಿಯೂ ಹತ್ತಬಹುದು. ಬಹಳ ದಿನ ನಿಂತ ಗಾಡಿಯನ್ನು ಚಾಲೂ ಮಾಡುವ ಮೊದಲು ಬಾನೆಟ್ ಎತ್ತಿ ನೋಡುವುದನ್ನು ರೂಢಿ ಮಾಡಿಕೊಳ್ಳಿ.

ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಏಕೆ?

ಹಳೆಯ ಕಾರು ಉಳಿಯುವುದು ದೊಡ್ಡ ರಿಪೇರಿಯಿಂದಲ್ಲ, ತಪ್ಪದೆ ಮಾಡುವ ಸಣ್ಣ ಕೆಲಸಗಳಿಂದ. ಮನೆಯೊಂದು ನಡೆಯುವುದೂ ಹಾಗೆಯೇ ಅಲ್ಲವೇ?

ರಾತ್ರಿ ಗಾಡಿಯ ಕೆಳಗೆ ಒಂದು ರಟ್ಟು ಹಾಸಿ, ಬೆಳಿಗ್ಗೆ ಅದನ್ನು ನೋಡಿ. ಕಂದು ಅಥವಾ ಕಪ್ಪು ಹನಿ ಬಿದ್ದಿದ್ದರೆ ಎಂಜಿನ್ ಆಯಿಲ್ ಸೋರುತ್ತಿದೆ. ಹಸಿರು ಅಥವಾ ತುಕ್ಕು ಬಣ್ಣದ ನೀರಾದರೆ ರೇಡಿಯೇಟರ್. ಚಕ್ರದ ಒಳಬದಿಯಲ್ಲಿ ತೆಳ್ಳಗೆ ಜಾರುವ ದ್ರವ ಕಂಡರೆ ಅದು ಬ್ರೇಕಿನದಿರಬಹುದು. ಆಗ ಗಾಡಿಯನ್ನು ಒಂದು ಹೆಜ್ಜೆಯೂ ಕದಲಿಸಬೇಡಿ. ಹಳೆಯ ಅನೇಕ ಗಾಡಿಗಳಲ್ಲಿ ನಾಲ್ಕೂ ಚಕ್ರದ ಬ್ರೇಕಿಗೆ ಒಂದೇ ಸಾಲು ಇರುತ್ತದೆ. ಒಂದು ಕಡೆ ಸೋರಿದರೆ ಎಲ್ಲ ಬ್ರೇಕೂ ಹೋಗುತ್ತದೆ.

ವಾರಕ್ಕೊಮ್ಮೆ, ಎಂಜಿನ್ ತಣ್ಣಗಿರುವಾಗ, ಸಮತಟ್ಟಾದ ಜಾಗದಲ್ಲಿ ಆಯಿಲ್‌ನ ಅಳತೆ ಕಡ್ಡಿ ತೆಗೆದು, ಒರೆಸಿ, ಮತ್ತೆ ಹಾಕಿ ನೋಡಬೇಕು. ಎರಡು ಗೆರೆಗಳ ನಡುವೆ ಇದ್ದರೆ ಸರಿ. ಆಯಿಲ್ ಮಜ್ಜಿಗೆಯಂತೆ ಬೆಳ್ಳಗಾಗಿದ್ದರೆ ಅದರಲ್ಲಿ ನೀರು ಸೇರಿರಬಹುದು, ಮಿಸ್ತ್ರಿಗೆ ತೋರಿಸಿ. ಜೊತೆಗೆ ರೇಡಿಯೇಟರ್ ನೀರು, ಬ್ರೇಕ್ ಆಯಿಲ್‌ನ ಮಟ್ಟ, ಟೈರಿನ ಗಾಳಿ ನೋಡಿ. ಬ್ರೇಕ್ ಆಯಿಲ್ ಕಡಿಮೆಯಾಗಿದೆ ಎಂದು ಕೈಗೆ ಸಿಕ್ಕ ಎಂಜಿನ್ ಆಯಿಲ್ ಹಾಕಿದರೆ ಒಳಗಿನ ರಬ್ಬರ್ ಉಬ್ಬಿ ಬ್ರೇಕ್ ಕೈಕೊಡುತ್ತದೆ. ಡಬ್ಬಿಯ ಮೇಲೆ ಹೆಸರು ಬರೆದಿಡಿ.

ತಿಂಗಳಿಗೊಮ್ಮೆ ಬ್ಯಾಟರಿಯ ನೀರು ನೋಡಿ, ಕಡಿಮೆಯಾಗಿದ್ದರೆ ಡಿಸ್ಟಿಲ್ಡ್ ನೀರನ್ನು ಮಾತ್ರ ಹಾಕಿ. ತುದಿಗಳಲ್ಲಿ ಬಿಳಿ, ಹಸಿರು ಪುಡಿ ಬೆಳೆದಿದ್ದರೆ ತಂತಿ ಬಿಚ್ಚಿ, ಬಿಸಿನೀರಿನಲ್ಲಿ ಕರಗಿಸಿದ ಅಡುಗೆ ಸೋಡಾದಿಂದ ತೊಳೆದು, ಒಣಗಿಸಿ, ತಂತಿ ಬಿಗಿದು, ಮೇಲೆ ವ್ಯಾಸಲಿನ್ ಹಚ್ಚಬಹುದು. ಸೋಡಾ ನೀರು ಬ್ಯಾಟರಿಯ ಒಳಗೆ ಹೋಗಬಾರದು. ತಂತಿ ಬಿಚ್ಚುವಾಗ ಗಾಡಿಯ ಬಾಡಿಗೆ ಜೋಡಿಸಿದ್ದನ್ನು ಮೊದಲು ಬಿಚ್ಚಬೇಕು. ಸಾಮಾನ್ಯವಾಗಿ ಅದು ನೆಗೆಟಿವ್. ಕೆಲವು ಹಳೆಯ ಬ್ರಿಟಿಷ್ ಗಾಡಿಗಳಲ್ಲಿ ಪಾಸಿಟಿವ್ ಇರುತ್ತದೆ.

ಕೆಲವು ತಿಂಗಳಿಗೊಮ್ಮೆ ಪ್ಲಗ್ ಮತ್ತು 'ಪಾಯಿಂಟ್' ನೋಡಬೇಕು. ಡಿಸ್ಟ್ರಿಬ್ಯೂಟರಿನ ಮುಚ್ಚಳದ ಕೆಳಗಿರುವ ಈ ಪಾಯಿಂಟ್ ಒಂದು ಪುಟ್ಟ ಸ್ವಿಚ್. ಪ್ರತಿ ಕಿಡಿಗೂ ಒಮ್ಮೆ ತೆರೆದು ಮುಚ್ಚುತ್ತ ಅದರ ಮುಖ ಕಪ್ಪಾಗುತ್ತದೆ, ಸಂದು ಬದಲಾಗುತ್ತದೆ. ಅನೇಕ ಹಳೆಯ ಕಾರುಗಳಲ್ಲಿ ಪಾಯಿಂಟಿನ ಸಂದು ಸುಮಾರು 0.4 ಮಿಲಿಮೀಟರ್, ಪ್ಲಗ್‌ನದು ಸುಮಾರು 0.6 ಮಿಲಿಮೀಟರ್. ನಿಮ್ಮ ಗಾಡಿಯ ನಿಖರ ಅಳತೆ ಅದರ ಕೈಪಿಡಿಯಲ್ಲಿರುತ್ತದೆ. ಅಳೆಯಲು ತೆಳುವಾದ ತಗಡಿನ ಎಲೆಗಳಿರುವ ಫೀಲರ್ ಗೇಜ್ ಬೇಕು. 'ಗಾಡಿ ಚಾಲೂ ಆಗುತ್ತಿಲ್ಲ' ಎಂಬ ದೂರು ಎಷ್ಟೋ ಸಲ ಇಷ್ಟರಲ್ಲೇ ಬಗೆಹರಿಯುತ್ತದೆ. ಗ್ರೀಸ್ ಗನ್ನಿನಿಂದ ಮುಂದಿನ ಚಕ್ರದ ಕೀಲುಗಳಿಗೆ ಗ್ರೀಸ್ ತುಂಬುವುದು ಹಳೆಯ ಗಾಡಿಗಳಿಗೆ ಅತ್ಯಗತ್ಯ. ಹೊಸ ಕಾರುಗಳಿಗೆ ಇದು ಬೇಕಾಗುವುದು ಕಡಿಮೆ. ಅದಕ್ಕೇ ಈಗಿನ ಹುಡುಗರು ಇದನ್ನು ಮರೆಯುತ್ತಾರೆ.

ವರ್ಷಕ್ಕೊಮ್ಮೆ, ಗಾಡಿ ಹೆಚ್ಚು ಓಡಿರದಿದ್ದರೂ, ಎಂಜಿನ್ ಆಯಿಲ್ ಬದಲಿಸಿ. ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿ. ಅದು ಗಾಳಿಯ ತೇವವನ್ನು ಹೀರಿಕೊಂಡು ಕೆಡುತ್ತದೆ. ಟೈರಿನ ವಯಸ್ಸನ್ನೂ ನೋಡಿ. ಅದರ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಗೀರು ಸವೆಯದಿದ್ದರೂ ಬಿಸಿಲಿಗೆ ಬಿರುಕು ಬಿಟ್ಟ ಟೈರು ನಂಬಿಕೆಗೆ ಯೋಗ್ಯವಲ್ಲ.

ಇನ್ನೊಂದು ಮಾತು. ದಿನಾ ಬೆಳಿಗ್ಗೆ ನಿಂತಲ್ಲೇ ಐದು ನಿಮಿಷ ಎಂಜಿನ್ ಓಡಿಸಿ ಆರಿಸುವುದು ಆರೈಕೆಯಲ್ಲ. ಎಂಜಿನ್ ಪೂರ್ತಿ ಕಾಯದೆ ಸೈಲೆನ್ಸರ್‌ನಲ್ಲಿ, ಆಯಿಲ್‌ನಲ್ಲಿ ನೀರಿನಂಶ ಉಳಿಯುತ್ತದೆ. ಎರಡು ವಾರಕ್ಕೊಮ್ಮೆ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸಿ ತರುವುದು ಮೇಲು.

ಪೆಟ್ರೋಲ್ ಬದಲಾಗಿದೆ

ದಾದಾ ಓಡಿಸುತ್ತಿದ್ದ ಕಾಲದ ಪೆಟ್ರೋಲ್ ಈಗ ಇಲ್ಲ. ಆಗ ಅದರಲ್ಲಿ ಸೀಸ ಬೆರೆಸುತ್ತಿದ್ದರು. ಮಕ್ಕಳ ಮೆದುಳಿಗೆ ಸೀಸ ವಿಷ. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂತು. ಇದು ಒಳ್ಳೆಯದೇ ಆಯಿತು. ಆದರೆ ತೀರ ಹಳೆಯ ಎಂಜಿನ್‌ಗಳಲ್ಲಿ ವಾಲ್ವ್ ಕೂರುವ ಜಾಗ ಸವೆಯದಂತೆ ಆ ಸೀಸವೇ ಕಾಪಾಡುತ್ತಿತ್ತು. ಆದ್ದರಿಂದ ಅಂಥ ಗಾಡಿಯನ್ನು ಬಹಳ ಹೊತ್ತು ವೇಗವಾಗಿ ಓಡಿಸಬಾರದು.

ಎರಡನೆಯ ಬದಲಾವಣೆ ಎಥೆನಾಲ್. ನಮ್ಮ ಭಾಗದ ಕಬ್ಬಿನಿಂದಲೂ ತಯಾರಾಗುವ ಈ ದ್ರವವನ್ನು ಶೇ. 20ರಷ್ಟು ಬೆರೆಸಿದ ಪೆಟ್ರೋಲ್ ಮಾರಾಟಕ್ಕೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತು. 2025ರ ಹೊತ್ತಿಗೆ ಅದು ದೇಶದೆಲ್ಲೆಡೆ ಸಾಮಾನ್ಯವಾಯಿತು. ಹಳೆಯ ಕಾರಿನ ರಬ್ಬರ್ ಪೈಪು, ವಾಷರ್‌ಗಳು ಇದಕ್ಕಾಗಿ ತಯಾರಾದವಲ್ಲ. ಅವು ಮೆತ್ತಗಾಗಿ ಅಥವಾ ಬಿರಿದು ಸೋರಬಹುದು. ಎಥೆನಾಲ್ ನೀರನ್ನು ಹೀರುವುದರಿಂದ ಬಹಳ ದಿನ ನಿಂತ ಗಾಡಿಯ ಟ್ಯಾಂಕು ಒಳಗಿನಿಂದ ತುಕ್ಕು ಹಿಡಿಯುತ್ತದೆ. ಹಳೆಯ ಕೊಳೆ ಕಳಚಿ ಬಂದು ಕಾರ್ಬೋರೇಟರನ್ನು ಕಟ್ಟುತ್ತದೆ. ಎಥೆನಾಲ್ ತಾಳುವ ಹೊಸ ಪೈಪು ಹಾಕಿಸಿ, ದಾರಿಯಲ್ಲಿ ಒಂದು ಸಣ್ಣ ಪೆಟ್ರೋಲ್ ಫಿಲ್ಟರ್ ಕೂರಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕನ್ನೂ ಕಾರ್ಬೋರೇಟರನ್ನೂ ಖಾಲಿ ಮಾಡಿಸಿ. ಬಾನೆಟ್ ಎತ್ತಿದಾಗ ಪೆಟ್ರೋಲ್ ವಾಸನೆ ಬಡಿದರೆ ಗಾಡಿ ಚಾಲೂ ಮಾಡಲು ಬಿಡಬೇಡಿ.

ಇಲ್ಲಿ ಮಾತ್ರ ರಾಜಿ ಬೇಡ

ಸಹೋದರಿಯರೇ, ಈ ಭಾಗವನ್ನು ದಯವಿಟ್ಟು ಮನೆಯವರೆಲ್ಲರಿಗೂ ಓದಿ ಹೇಳಿ.

ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ನುಸುಳಬಾರದು. ಜಾಕ್ ಇರುವುದು ಚಕ್ರ ಬದಲಿಸಲು ಮಾತ್ರ. ನಮ್ಮ ಹಳ್ಳಿಗಳಲ್ಲಿ ಇಟ್ಟಿಗೆ, ಕಲ್ಲು ಒಟ್ಟಿ ಗಾಡಿ ನಿಲ್ಲಿಸುವ ರೂಢಿ ಇದೆ. ಇಟ್ಟಿಗೆ ಸದ್ದಿಲ್ಲದೆ ಒಡೆಯುತ್ತದೆ. ಗಟ್ಟಿ ನೆಲ, ಉಳಿದ ಚಕ್ರಗಳಿಗೆ ಅಡ್ಡ ಕಟ್ಟಿಗೆ, ಕೆಳಗೆ ಕಬ್ಬಿಣದ ಸ್ಟ್ಯಾಂಡ್ ಇದ್ದರೆ ಮಾತ್ರ ಒಳಗೆ ಹೋಗಲಿ. ಇಲ್ಲದಿದ್ದರೆ ನೀವು ಅಡ್ಡ ನಿಲ್ಲಿ.

ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ತಲೆಸುತ್ತು, ವಾಕರಿಕೆ ಬಂದು ಮನುಷ್ಯ ಎಚ್ಚರ ತಪ್ಪುತ್ತಾನೆ. ಬಾಗಿಲು ಅರ್ಧ ತೆರೆದಿದ್ದರೆ ಸಾಲದು, ಗಾಡಿಯನ್ನು ಬಯಲಿಗೇ ತರಬೇಕು. ಯಾರಾದರೂ ಹಾಗೆ ಬಿದ್ದಿದ್ದರೆ ತೆರೆದ ಗಾಳಿಗೆ ತಂದು ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ನೀರಿನ ಬಾಟಲಿಯಲ್ಲಿ ಪೆಟ್ರೋಲ್ ಇಡಬೇಡಿ. ಅಡುಗೆಮನೆಯ ಹತ್ತಿರವಂತೂ ಬೇಡವೇ ಬೇಡ. ಬಾಯಿಂದ ಪೈಪು ಹೀರಿ ಪೆಟ್ರೋಲ್ ತೆಗೆಯುವ ಅಭ್ಯಾಸ ಬಹಳ ಅಪಾಯ. ಮಗು ಪೆಟ್ರೋಲ್ ಕುಡಿದರೆ ವಾಂತಿ ಮಾಡಿಸಬೇಡಿ. ವಾಂತಿಯಾಗುವಾಗ ಅದು ಶ್ವಾಸಕೋಶಕ್ಕೆ ಇಳಿದು ಹೆಚ್ಚು ಹಾನಿ ಮಾಡುತ್ತದೆ. ನೇರವಾಗಿ ಆಸ್ಪತ್ರೆಗೆ ಓಡಿ. ಪೆಟ್ರೋಲ್ ಬೆಂಕಿಗೆ ನೀರು ಹಾಕಿದರೆ ಬೆಂಕಿ ಹರಡುತ್ತದೆ. ಒಂದು ಬಕೆಟ್ ಉಸುಕು, ಸಾಧ್ಯವಾದರೆ ಪುಡಿಯ ಅಗ್ನಿಶಾಮಕ ಸಿಲಿಂಡರ್ ಹತ್ತಿರವಿರಲಿ.

ಬ್ಯಾಟರಿಯಿಂದ ಹೊತ್ತಿಕೊಳ್ಳುವ ಅನಿಲ ಬರುತ್ತದೆ. ಹತ್ತಿರ ಬೀಡಿ, ಬೆಂಕಿಕಡ್ಡಿ ಬೇಡ. ಕೈಯಲ್ಲಿ ಬಳೆ, ಉಂಗುರ, ಗಡಿಯಾರ ಬೇಡ. ಆಸಿಡ್ ಕಣ್ಣಿಗೆ ಸಿಡಿದರೆ 15-20 ನಿಮಿಷ ನಿಲ್ಲಿಸದೆ ನೀರು ಹಾಕುತ್ತಿದ್ದು, ಆಮೇಲೆ ವೈದ್ಯರಲ್ಲಿಗೆ ಹೋಗಿ. ಎಂಜಿನ್ ಓಡುತ್ತಿರುವಾಗ ಸೆರಗು, ದುಪಟ್ಟಾ, ಬುರ್ಖಾದ ತೋಳು ಫ್ಯಾನ್ ಬೆಲ್ಟಿನ ಬಳಿ ಹೋಗದಿರಲಿ. ಬಿಸಿಯಾದ ರೇಡಿಯೇಟರಿನ ಮುಚ್ಚಳ ತೆರೆದರೆ ಕುದಿವ ನೀರು ಮುಖಕ್ಕೆ ಚಿಮ್ಮುತ್ತದೆ. ಕುಕ್ಕರ್ ಬಳಸುವ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ.

ಹಳೆಯ ಬ್ರೇಕ್ ಲೈನರ್‌ಗಳಲ್ಲಿ ಕಲ್ನಾರು ಇರಬಹುದು. ಅದರ ಧೂಳು ಶ್ವಾಸಕೋಶಕ್ಕೆ ಮಾರಕ. ಊದಬಾರದು, ಗಾಳಿ ಹೊಡೆಯಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು. ಕೆಲಸದ ಬಟ್ಟೆಯನ್ನು ಮಕ್ಕಳ ಬಟ್ಟೆಯೊಂದಿಗೆ ಒಗೆಯಬೇಡಿ. ತೆಗೆದ ಕರಿ ಆಯಿಲ್ ಅನ್ನು ಗಟಾರಕ್ಕೋ ಹೊಲಕ್ಕೋ ಬಾವಿಯ ಬಳಿಯೋ ಚೆಲ್ಲಬೇಡಿ, ಡಬ್ಬಿಯಲ್ಲಿ ತುಂಬಿಟ್ಟು ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಕೊಡಿ.

ಎಲ್ಲಕ್ಕಿಂತ ಮುಖ್ಯವಾದದ್ದು, ನಿಂತ ಕಾರಿಗೆ ಸದಾ ಬೀಗ ಇರಲಿ, ಡಿಕ್ಕಿಗೂ ಇರಲಿ. ಕಣ್ಣಾಮುಚ್ಚಾಲೆ ಆಡುತ್ತ ಒಳಗೆ ಹೋದ ಮಗುವಿಗೆ ಹಳೆಯ ಬಾಗಿಲು ಒಳಗಿನಿಂದ ತೆರೆಯಲು ಬಾರದೇ ಹೋಗಬಹುದು. ಬಿಸಿಲಿನಲ್ಲಿ ನಿಂತ ಕಾರು ಕೆಲವೇ ನಿಮಿಷಗಳಲ್ಲಿ ಒಲೆಯಾಗುತ್ತದೆ. ನಮ್ಮ ದೇಶದಲ್ಲಿ ಹೀಗೆ ಮಕ್ಕಳು ಪ್ರಾಣ ಕಳೆದುಕೊಂಡ ಸುದ್ದಿಗಳು ಬರುತ್ತಲೇ ಇವೆ.

ಮನೆಯ ಕೆಲಸ, ಮಿಸ್ತ್ರಿಯ ಕೆಲಸ

ಆಯಿಲ್, ನೀರು, ಗ್ರೀಸ್, ಪ್ಲಗ್, ಫಿಲ್ಟರ್, ಬ್ಯಾಟರಿ, ಬಲ್ಬು, ತೊಳೆಯುವುದು, ಒರೆಸುವುದು ಇವು ಮನೆಯಲ್ಲಿ ಆಗುವ ಕೆಲಸಗಳು. ಬ್ರೇಕ್, ಸ್ಟಿಯರಿಂಗ್, ಚಕ್ರದ ಕೀಲು, ಪೆಟ್ರೋಲ್ ಟ್ಯಾಂಕಿನ ವೆಲ್ಡಿಂಗ್ ಇವು ಬಲ್ಲವರ ಕೈಯಲ್ಲೇ ಆಗಬೇಕು. ಖಾಲಿ ಟ್ಯಾಂಕಿನಲ್ಲೂ ಪೆಟ್ರೋಲ್ ಆವಿ ಇರುತ್ತದೆ, ವೆಲ್ಡಿಂಗ್ ಕಿಡಿಗೆ ಅದು ಸಿಡಿಯುತ್ತದೆ. 'ಯಾರೋ ಮಾಡಿದ್ದನ್ನು ಮೊಬೈಲಿನಲ್ಲಿ ನೋಡಿದ್ದೇನೆ' ಎಂಬ ಧೈರ್ಯ ಇಲ್ಲಿ ಸಾಲದು.

ಹೊಗೆಯ ಬಣ್ಣವನ್ನೂ ನೆನಪಿಡಿ. ನೀಲಿ ಹೊಗೆ ಎಂದರೆ ಆಯಿಲ್ ಉರಿಯುತ್ತಿದೆ. ಕಪ್ಪು ಎಂದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ. ಬಿಳಿ ಹೊಗೆ ನಿಲ್ಲದೆ ಬರುತ್ತ ರೇಡಿಯೇಟರ್ ನೀರೂ ಕಡಿಮೆಯಾಗುತ್ತಿದ್ದರೆ ನೀರು ಎಂಜಿನ್‌ನ ಒಳಗೆ ಹೋಗುತ್ತಿರಬಹುದು. ಇಷ್ಟನ್ನು ಹೇಳಬಲ್ಲ ಮನೆಯವರಿಗೆ ಮಿಸ್ತ್ರಿ ಸುಮ್ಮನೆ ದೊಡ್ಡ ಬಿಲ್ಲು ಹೇಳುವುದು ಕಷ್ಟ.

ಕಾಗದಪತ್ರ ಮತ್ತು ಲೆಕ್ಕ

ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. 20 ವರ್ಷ ದಾಟಿದ ಕಾರಿಗೆ ಈ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಲಾಯಿತು. ಇದರ ಜೊತೆಗೆ ವಿಮೆ, ಮಾಲಿನ್ಯ ತಪಾಸಣೆಯ ಪತ್ರ ಬೇಕು.

ಆರ್‌ಸಿ ಯಾರ ಹೆಸರಿನಲ್ಲಿದೆ ನೋಡಿ. ಎಷ್ಟೋ ಮನೆಗಳಲ್ಲಿ ಅದು ತೀರಿಹೋದ ಹಿರಿಯರ ಹೆಸರಿನಲ್ಲೇ ಉಳಿದಿರುತ್ತದೆ. ನಿಯಮದ ಪ್ರಕಾರ ಮಾಲೀಕರು ತೀರಿಕೊಂಡ 30 ದಿನದೊಳಗೆ ಸಾರಿಗೆ ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ವಾರಸುದಾರರ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ತಡವಾಗಿದ್ದರೆ ಇನ್ನೂ ತಡಮಾಡಬೇಡಿ. ಮಾರಿದ ಗಾಡಿಯನ್ನೂ ಕೊಂಡವರ ಹೆಸರಿಗೆ ತಪ್ಪದೆ ವರ್ಗಾಯಿಸಿ. ದಾಖಲೆಯಲ್ಲಿ ಹೆಸರಿರುವವರೇ ಅಪಘಾತದ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟಪಡಿಸಿದೆ.

ಉಳಿಸಿಕೊಳ್ಳಬೇಕೋ ಬಿಡಬೇಕೋ ಎಂಬುದನ್ನು ಭಾವನೆಯೊಂದರಿಂದಲೇ ತೀರ್ಮಾನಿಸಬಾರದು. ಒಂದು ನೋಟುಬುಕ್ಕಿನಲ್ಲಿ ವರ್ಷದ ಖರ್ಚು ಬರೆಯಿರಿ. ಶುಲ್ಕ, ವಿಮೆ, ಬಿಡಿಭಾಗ, ಮಿಸ್ತ್ರಿಯ ಕೂಲಿ, ಬೆಂಗಳೂರಿನ ಜೆ.ಸಿ. ರಸ್ತೆಯವರೆಗೆ ಬಿಡಿಭಾಗ ಹುಡುಕಿ ಹೋದ ಬಸ್ ಚಾರ್ಜು ಎಲ್ಲವನ್ನೂ ಸೇರಿಸಿ. ಅದು ಮಕ್ಕಳ ಶಾಲೆಯ ಫೀಸನ್ನೋ ಮನೆಯ ಔಷಧಿಯನ್ನೋ ಕಿತ್ತುಕೊಳ್ಳುತ್ತಿದ್ದರೆ ಗಾಡಿಯನ್ನು ಸರಿಯಾಗಿ ನೋಡಿಕೊಳ್ಳುವವರಿಗೆ ಕೊಡುವುದೇ ಲೇಸು. ಕೊಡುವಾಗ ಅದರ ದೋಷಗಳನ್ನು ಮುಚ್ಚಿಡದೆ ಹೇಳಿ. ಅಡಿಯ ತಗಡು, ಚಾಸಿಸ್ ತುಕ್ಕು ತಿಂದು ಹೋಗಿದ್ದರೆ ಸರಕಾರದಲ್ಲಿ ನೋಂದಾಯಿಸಿದ ಗುಜರಿ ಕೇಂದ್ರಕ್ಕೆ ಕೊಟ್ಟು ಪ್ರಮಾಣಪತ್ರ ಪಡೆಯಿರಿ.

ಮಿಸ್ತ್ರಿಯ ವಿದ್ಯೆ

ನಮ್ಮ ಸಮುದಾಯದ ಎಷ್ಟೋ ಮನೆಗಳು ಗ್ಯಾರೇಜಿನ ದುಡಿಮೆಯಿಂದ ಬದುಕಿವೆ. ಕಾರ್ಬೋರೇಟರಿನ ಸ್ಕ್ರೂ ತಿರುಗಿಸುತ್ತ ಕಿವಿಗೊಟ್ಟು ಎಂಜಿನ್‌ನ ಸದ್ದು ಹದ ಮಾಡುವ ಹಿರಿಯ ಮಿಸ್ತ್ರಿಗಳು ಕಡಿಮೆಯಾಗುತ್ತಿದ್ದಾರೆ. ಅವರ ವಿದ್ಯೆ ಯಾವ ಪುಸ್ತಕದಲ್ಲೂ ಪೂರ್ತಿಯಾಗಿಲ್ಲ. ಶಾಲೆಗೆ ಹೋಗದವರೆಂದು ಅವರನ್ನು ಹಗುರವಾಗಿ ಕಾಣುವುದು ತಪ್ಪು. ಅವರು ಮನೆಗೆ ಬಂದಾಗ ಚಹಾ ಕೊಟ್ಟು ಕೂರಿಸಿ, "ಚಾಚಾ, ಇದನ್ನು ಹೇಗೆ ಮಾಡಿದಿರಿ?" ಎಂದು ಮಕ್ಕಳು ಕೇಳಲಿ. ಹೆಣ್ಣುಮಕ್ಕಳೂ ಕೇಳಲಿ. ಬಿಚ್ಚುವ ಮೊದಲು ಪ್ರತಿಯೊಂದರ ಫೋಟೋ ತೆಗೆಯುವುದು, ಬಿಚ್ಚಿದ ನಟ್ಟುಗಳನ್ನು ಹಳೆಯ ಡಬ್ಬಿಗಳಲ್ಲಿ ಬೇರೆಬೇರೆಯಾಗಿ ಇಡುವುದು, ತಾರೀಖು ಹಾಕಿ ನೋಟುಬುಕ್ಕಿನಲ್ಲಿ ಬರೆಯುವುದು ಮಕ್ಕಳಿಗೆ ಒಳ್ಳೆಯ ಪಾಠ. ಕಿಡಿ ಹೇಗೆ ಹುಟ್ಟುತ್ತದೆ, ತುಕ್ಕು ಏಕೆ ಹಿಡಿಯುತ್ತದೆ ಎಂಬ ವಿಜ್ಞಾನದ ಪಾಠವನ್ನು ಅಂಗಳದಲ್ಲಿಯೇ ಕಲಿತ ಮಗು ಮರೆಯುವುದಿಲ್ಲ.

"ಅಬ್ಬಾ, ಈ ಖಟಾರಾ ಗಾಡಿ ಮಾರಿಬಿಡಿ" ಎಂದು ಮಗ ಹೇಳುತ್ತಿರಬಹುದು. "ಇದು ನಿನ್ನ ದಾದಾನ ಗಾಡಿ, ಮಾರಲಾರೆ" ಎಂದು ತಂದೆ ಹಠ ಹಿಡಿದಿರಬಹುದು. ಈ ಜಗಳದ ನಡುವೆ ನಿಮ್ಮ ಮಾತಿಗೆ ತೂಕ ಬರಬೇಕಾದರೆ ನಿಮಗೆ ವಿಷಯ ಗೊತ್ತಿರಬೇಕು. ಈ ರವಿವಾರ ಅವರು ಬಾನೆಟ್ ಎತ್ತಿದಾಗ ನೀವೂ ಹತ್ತಿರ ಹೋಗಿ ನಿಲ್ಲಿ. ಆಯಿಲ್ ಕಡ್ಡಿ ಯಾವುದು, ಬ್ರೇಕ್ ಆಯಿಲ್ ಡಬ್ಬಿ ಎಲ್ಲಿದೆ, ಸ್ಟ್ಯಾಂಡ್ ತಂದಿದ್ದಾರೋ ಇಲ್ಲವೋ, ಟೈರಿನ ನಾಲ್ಕು ಅಂಕಿ ಏನು ಹೇಳುತ್ತದೆ ಎಂದು ಕೇಳಿ. ನೀವು ಕೇಳಲಾರಂಭಿಸಿದರೆ ಉತ್ತರ ಹೇಳುವುದಕ್ಕಾಗಿಯಾದರೂ ಅವರು ಎಲ್ಲವನ್ನೂ ಸರಿಯಾಗಿ ನೋಡಿಕೊಳ್ಳುತ್ತಾರೆ.